ವಿಟಮಿನ್ ಡಿ 60,000: ದಿನಕ್ಕೊಂದು ನುಂಗುವ ಮಾತ್ರೆಯಲ್ಲ

ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ ಹೀಗಿದೆ: ‘ಬಿಸಿಲು ಕಾಣದವರು 60,000 ಐಯು ವಿಟಮಿನ್ ಡಿ ದಿನಕ್ಕೊಂದರಂತೆ ಒಂದು ತಿಂಗಳು ತಗೊಳ್ಳಿ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತೆ.’ (ಐಯು ಅಂದರೆ ವಿಟಮಿನ್ ಪ್ರಮಾಣ ಅಳೆಯುವ ಅಂತರರಾಷ್ಟ್ರೀಯ ಮಾನ.) ಎರಡು ಮಾತೂ ತಪ್ಪು.

ಮೂತ್ರದಲ್ಲಿ ಹೋಗುವುದು ಬಿ, ಸಿಯಂಥ ನೀರಲ್ಲಿ ಕರಗುವ ವಿಟಮಿನ್‌ಗಳು. ಡಿ ಕೊಬ್ಬಿನಲ್ಲಿ ಕರಗಿ ದೇಹದಲ್ಲೇ ಉಳಿಯುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ವಾಕರಿಕೆ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಂಕು, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು. ಮಾತ್ರೆ ನಿಲ್ಲಿಸಿದರೂ ಇದು ವಾರಗಟ್ಟಲೆ ಕಾಡಬಹುದು.

60,000 ಐಯು ಅಂದರೆ 1,500 ಮೈಕ್ರೋಗ್ರಾಂ. ಕೊರತೆ ಖಚಿತವಾದ ವಯಸ್ಕರಿಗೆ ವೈದ್ಯರು ಇದನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ ಬರೆಯುತ್ತಾರೆ. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದಿರುವುದನ್ನು ದಿನಕ್ಕೊಮ್ಮೆ ಎಂದು ಓದಿಕೊಳ್ಳುವುದೇ ದೊಡ್ಡ ಎಡವಟ್ಟು. ಹಾಗಾಗಿ ವಾರದ ಒಂದು ದಿನ ಗೊತ್ತುಮಾಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಖಾಲಿ ಹೊಟ್ಟೆಗಿಂತ ತುಪ್ಪ, ಎಣ್ಣೆ ಇರುವ ಊಟದ ಜೊತೆ ಚೆನ್ನಾಗಿ ಹೀರಿಕೆಯಾಗುತ್ತದೆ. ವೈದ್ಯರ ನಿಗಾ ಇಲ್ಲದೆ ದಿನವೂ ತೆಗೆದುಕೊಳ್ಳುವ ವಯಸ್ಕರಿಗೆ ಮಿತಿ 4,000 ಐಯು. ಕ್ಯಾಲ್ಸಿಯಂ ಮಾತ್ರೆ, ಮಲ್ಟಿವಿಟಮಿನ್‌ಗಳಲ್ಲೂ ಡಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಿಡ್ನಿ ಕಲ್ಲು ಇರುವವರು, ಡಿಗಾಕ್ಸಿನ್ ಎಂಬ ಹೃದಯದ ಮಾತ್ರೆ ಅಥವಾ ಥಯಾಜೈಡ್ ಗುಂಪಿನ ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಶುರುಮಾಡಲೇಬಾರದು.

ಈಗಾಗಲೇ 60,000 ಐಯು ಮಾತ್ರೆ ದಿನವೂ ನುಂಗಿದ್ದರೆ ಇಂದೇ ನಿಲ್ಲಿಸಿ, ವೈದ್ಯರನ್ನು ಕಂಡು ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ಅಂಶ), ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ವಾಂತಿ ನಿಲ್ಲದಿದ್ದರೆ, ಮಾತು ಗೊಂದಲವಾದರೆ ಕಾಯದೆ ಆಸ್ಪತ್ರೆಗೆ ಹೋಗಿ.