ಥಂಡರ್‌ಬರ್ಡ್ ಕೆಂಪು, ಫ್ಯಾನ್ಸಿ ಸ್ಟೋರ್ ಕೆಂಪು

ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವವನನ್ನು ಯಾರೂ ಗಮನಿಸುವುದಿಲ್ಲ. ಹಾಡುವವರಿಗೆ ಶಿಳ್ಳೆ, ಡ್ರಮ್ಸ್‌ನವನಿಗೆ ಚಪ್ಪಾಳೆ, ಕೀಬೋರ್ಡ್‌ನವನಿಗೆ ಸಂಘಟಕರ ಮನೆಯಲ್ಲಿ ಎರಡನೇ ಸಲ ಹೋಳಿಗೆ. ಬೇಸ್‌ನವನು ಸ್ಪೀಕರ್ ಪಕ್ಕ ನಿಂತು ತನಗಿರುವ ನಾಲ್ಕೇ ತಂತಿಗಳಲ್ಲಿ ಸುಮ್ನೆ ಡುಂ ಡುಂ ಅನ್ನಿಸುತ್ತಿರಬೇಕು. ಅವನು ನಿಲ್ಲಿಸಿದರೆ ಏನೋ ಕಡಿಮೆಯಾಯಿತು ಅಂತ ಜನಕ್ಕೆ ಅನಿಸುತ್ತದೆ. ಏನು ಅಂತ ಮಾತ್ರ ಗೊತ್ತಾಗುವುದಿಲ್ಲ. ವಾರವಿಡೀ ಆಫೀಸಿನಲ್ಲೂ ನನ್ನ ಕೆಲಸ ಹೆಚ್ಚುಕಡಿಮೆ ಇದೇ ಥರದ್ದಾದ್ದರಿಂದ ನನಗೆ ಬೇಜಾರಿಲ್ಲ.

ಆದರೆ ಆ ಗಿಟಾರಿನ ಬಣ್ಣ ಚಕ್ಕೆಯೆದ್ದ ದಿನದಿಂದ ಎಲ್ಲರ ಕಣ್ಣೂ ನನ್ನ ಮೇಲೆಯೇ. ಗಣೇಶನ ಸೀಸನ್ನು. ಟಾಟಾ ಏಸ್‌ನಿಂದ ಸಾಮಾನು ಇಳಿಸುವಾಗ ಮೈಕ್ ಸ್ಟ್ಯಾಂಡಿನ ಕಬ್ಬಿಣದ ಬುಡ ಜಾರಿ ಬಂದು ಗಿಟಾರಿನ ಅಂಚಿಗೆ ಬಡಿಯಿತು. ಒಂದು ರೂಪಾಯಿ ನಾಣ್ಯದಷ್ಟು ಅಗಲ ಬಣ್ಣ ಹೋಗಿ ಒಳಗಿನ ಬಿಳಿ ಮರ ಕಾಣತೊಡಗಿತು. ಇಷ್ಟು ವರ್ಷ ನಾನು ತಂಡದಲ್ಲಿದ್ದೇನೋ ಇಲ್ಲವೋ ಅಂತ ಅನುಮಾನದಲ್ಲಿದ್ದ ಗಾಯಕಿ ಕೂಡ, "ಅಯ್ಯೋ ಸಾರ್, ಏನಾಯ್ತು ಇದಕ್ಕೆ?" ಅಂದರು.

ನನ್ನದು ಫೆಂಡರ್ ಕಂಪನಿಯ ಗಿಟಾರ್ ಅಲ್ಲ, ಫೆಂಡರ್ ನೋಡಿಕೊಂಡು ಮಾಡಿದ್ದು. ಲಿಯೋ ಫೆಂಡರ್ 1951ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದರು. ಮೂಲತಃ ರೇಡಿಯೊ ರಿಪೇರಿಯವರು, ಅವರಿಗೆ ಗಿಟಾರ್ ನುಡಿಸುವುದಕ್ಕೇ ಬರುತ್ತಿರಲಿಲ್ಲ. ಗಿಟಾರಿಗೆ ಅಂತಲೇ ಬೇರೆ ಪೇಂಟ್ ಹುಡುಕುವ ಗೋಜಿಗೂ ಅವರ ಕಂಪನಿ ಹೋಗಲಿಲ್ಲ. ಕಾರುಗಳಿಗೆ ಹಚ್ಚುತ್ತಿದ್ದ ಡುಪಾಂಟ್ ಪೇಂಟನ್ನೇ ತಂದು ಹೊಡೆದರು. ನನ್ನ ಗಿಟಾರಿನ ಬಣ್ಣದ ಹೆಸರು ಫಿಯೆಸ್ಟಾ ರೆಡ್. ಅದು 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ.

ಅಂದಮೇಲೆ ಹೋಗಬೇಕಾದದ್ದು ಜೆ.ಸಿ. ರಸ್ತೆಗೆ, ಅಲ್ವಾ? ಅಲ್ಲಿ ಗಾಡಿ ಬಿಡಿಭಾಗಗಳಲ್ಲಿ ಸಿಗದ್ದು ಯಾವುದೂ ಇಲ್ಲ. ಟಚ್‌ಅಪ್ ಪೇಂಟ್ ಕೇಳಿದೆ.

"ಯಾವ ಗಾಡಿ?"

"ಥಂಡರ್‌ಬರ್ಡ್."

ಅಂಗಡಿಯವರು ಒಳಗೆ ಹೋಗಿ ಕಪ್ಪು ಬಣ್ಣದ ಸಣ್ಣ ಡಬ್ಬಿ ತಂದರು. "ಟ್ಯಾಂಕಿಗಾ, ಮಡ್‌ಗಾರ್ಡಿಗಾ?"

"ಬುಲೆಟ್ಟಿನವರ ಥಂಡರ್‌ಬರ್ಡ್ ಅಲ್ಲ ಸಾರ್, ಫೋರ್ಡ್. ಐವತ್ತಾರರ ಮಾಡೆಲ್."

ಅವರು ನನ್ನ ಮುಖ ನೋಡಿದರು. ರಸ್ತೆಯಲ್ಲಿ ನಿಂತಿದ್ದ ನನ್ನ ಸ್ಕೂಟರನ್ನೂ ನೋಡಿದರು. "ಗಾಡಿ ತಗೊಂಡ್ಬನ್ನಿ, ಮ್ಯಾಚ್ ಮಾಡ್ಕೊಡ್ತೀವಿ" ಅಂದರು. ಆ ಗಾಡಿ ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನ ಹೆಗಲ ಮೇಲೇ ಇದೆ ಅಂತ ಹೇಳುವ ಧೈರ್ಯವಾಗಲಿಲ್ಲ.

ಮನೆಯಲ್ಲಿ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು. "ರೀ, ಕೆಂಪು ನೇಲ್ ಪಾಲಿಷ್ ಹಚ್ಚಿ." ನಾನು ನಕ್ಕೆ. ಆಮೇಲೆ ಓದಿ ನೋಡಿದರೆ ಹಳೇ ಫೆಂಡರ್‌ಗಳಿಗೆ ಹಚ್ಚಿದ ಲ್ಯಾಕರ್‌ನಲ್ಲಿ ಇದ್ದದ್ದು ನೈಟ್ರೊಸೆಲ್ಯುಲೋಸ್. ನೇಲ್ ಪಾಲಿಷ್‌ನಲ್ಲಿ ಇರುವುದೂ ಅದೇ. ಜೆ.ಸಿ. ರಸ್ತೆಯ ಪೇಂಟ್ ಅಂಗಡಿಗೂ ಗಾಂಧಿಬಜಾರಿನ ಫ್ಯಾನ್ಸಿ ಸ್ಟೋರಿಗೂ ನಂಟಿದೆ ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೇ?

ಫ್ಯಾನ್ಸಿ ಸ್ಟೋರಿನಲ್ಲಿ ಹಬ್ಬದ ರಶ್ಶು. ಬಳೆ, ಕ್ಲಿಪ್ಪು, ಪಿನ್ನುಗಳ ನಡುವೆ ಗಿಟಾರಿನ ಗೋಣಿಚೀಲ ಬಿಚ್ಚಿದೆ. ಕೆಂಪು ಎಂದರೆ ಒಂದೇ ಬಣ್ಣ ಅಂತ ತಿಳಿದಿರುವ ಗಂಡಸರು ಒಮ್ಮೆ ಅಲ್ಲಿಗೆ ಹೋಗಿಬರಬೇಕು. ಕೌಂಟರಿನ ಮೇಲೆ ಕೆಂಪಿನ ಸಾಲೇ ಬಂತು. ಅಲ್ಲಿದ್ದ ಹೆಂಗಸರೆಲ್ಲ ಸೇರಿಕೊಂಡರು. "ಇದು ದಾಸವಾಳದ ಕೆಂಪು, ಅದಕ್ಕೆ ಸೇರಲ್ಲ." "ಸ್ವಲ್ಪ ಇಟ್ಟಿಗೆ ಬಣ್ಣ ಬೇಕಮ್ಮ ಅದಕ್ಕೆ." ಒಬ್ಬ ಅಜ್ಜಿ ಮಾತ್ರ, "ಹಸಿರು ಹಾಕಿದ್ರೆ ಲಕ್ಷಣವಾಗಿರ್ತಿತ್ತು" ಅಂದರು. ಬಾಟಲಿ ಬಣ್ಣವೇ ಬೇರೆ, ಹಚ್ಚಿದ ಬಣ್ಣವೇ ಬೇರೆ ಅಂತ ಅಂಗಡಿಯಾಕೆ ನನ್ನ ಉಗುರಿನ ಮೇಲೇ ಹಚ್ಚಿ ತೋರಿಸಿದರು. ಒಂದೊಂದು ಉಗುರಿಗೂ ಒಂದೊಂದು ಕೆಂಪು. ಕಿರುಬೆರಳು ಗೆದ್ದಿತು. ಮಾರನೆಯ ದಿನ ಆಫೀಸಿನ ಮೀಟಿಂಗಿನಲ್ಲಿ ನಾನು ಎಡಗೈ ಜೇಬಿನಲ್ಲೇ ಇಟ್ಟುಕೊಂಡು ಮಾತಾಡಿದ್ದಕ್ಕೆ, ಆತ್ಮವಿಶ್ವಾಸ ಜಾಸ್ತಿಯಾಗಿದೆ ಅಂತ ಮ್ಯಾನೇಜರ್ ಹೊಗಳಿದರು.

ರಿಪೇರಿ ಕೆಲಸ ಕೇಳಿದರೆ ಸುಲಭ. ಈಗಿನ ಅಗ್ಗದ ಗಿಟಾರುಗಳಿಗೆ ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್ ದಪ್ಪಗೆ ಹೊಡೆದಿರುತ್ತಾರೆ. ಏಟು ಬಿದ್ದರೆ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಹೊಸ ಬಣ್ಣ ಹಳೆಯದರೊಳಗೆ ಕರಗಿ ಬೆರೆಯುವುದಿಲ್ಲ. ಹಾಗಾಗಿ ಮೊದಲು ನೇಲ್ ಪಾಲಿಷನ್ನು ತೆಳ್ಳಗೆ ಹಚ್ಚಿ ಒಣಗಿಸಿ, ಮತ್ತೆ ಹಚ್ಚಬೇಕು. ಉಳಿದ ಗುಂಡಿಗೆ ಫೆವಿಕ್ವಿಕ್ ಥರದ ಅಂಟನ್ನು ಹನಿಹನಿಯಾಗಿ ಬಿಟ್ಟು ಸುತ್ತಲಿನ ಮಟ್ಟಕ್ಕಿಂತ ಒಂದು ಕೂದಲಷ್ಟು ಎತ್ತರಕ್ಕೆ ತರಬೇಕು. ರಾತ್ರಿಯಿಡೀ ಬಿಡಬೇಕು. ಆಮೇಲೆ ಬ್ಲೇಡಿನ ಎರಡೂ ತುದಿಗೆ ಟೇಪ್ ಸುತ್ತಿ, ನಡುವಿನ ಬಾಯಿಂದ ಮಾತ್ರ ಉಬ್ಬನ್ನು ಹೆರೆಯಬೇಕು. ಟೇಪ್ ಇರುವುದರಿಂದ ಅಕ್ಕಪಕ್ಕದ ಒಳ್ಳೇ ಬಣ್ಣಕ್ಕೆ ಗೀರು ಬೀಳುವುದಿಲ್ಲ. ಕೊನೆಗೆ 1000, 1500, 2000 ನಂಬರಿನ ವಾಟರ್ ಪೇಪರ್, ಅದರ ಮೇಲೆ ಕಾರಿನವರ ರಬ್ಬಿಂಗ್ ಕಾಂಪೌಂಡ್.

ಈ ಪಟ್ಟಿಯಲ್ಲಿ ಭಾವಮೈದ ಎಲ್ಲೂ ಇಲ್ಲ ಅನ್ನುವುದನ್ನು ಗಮನಿಸಿ. ಆದರೂ ಬಂದ. ಒಂದು ಹನಿ ಜಾಸ್ತಿ ಬಿದ್ದು ಹರಿಯತೊಡಗಿದಾಗ, "ತಡೀರಿ ಭಾವ" ಅಂತ ನನ್ನ ಹಳೇ ಬನಿಯನ್ನಿನಿಂದ ಒರೆಸಿದ. ಈ ಅಂಟು ಹತ್ತಿಬಟ್ಟೆಗೆ ತಾಗಿದರೆ ಒಮ್ಮೆಲೇ ಗಟ್ಟಿಯಾಗಿ ಕಾಯುತ್ತದೆ, ಹೊಗೆಯೂ ಬರುತ್ತದೆ. ಬಂತು. ಅವನು "ಅಯ್ಯಮ್ಮಾ" ಅಂತ ಬನಿಯನ್ ಎಸೆದ. ಅದು ಹೋಗಿ ಸೋಫಾದ ಕೈಗೆ ಅಂಟಿಕೊಂಡಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದು, ಉರಿಯುವ ಕಣ್ಣು ಒರೆಸಿಕೊಳ್ಳುತ್ತಾ, "ಇನ್ನೂ ಹೋಮ ಮುಗಿದಿಲ್ವೇನ್ರೋ?" ಅಂದರು.

ತನ್ನ ಬೆರಳಿಗೆ ಬರ್ನಾಲ್ ಹಚ್ಚಿಕೊಳ್ಳುತ್ತಾ ಭಾವಮೈದ ಫೋನಿನಲ್ಲಿ ಏನೋ ಹುಡುಕಿದ. ಫೆಂಡರ್‌ನವರು 1995ರಿಂದ ಹೊಸ ಗಿಟಾರಿನ ಬಣ್ಣವನ್ನು ಬೇಕಂತಲೇ ಕೆರೆದು, ಹಳೆಯದರಂತೆ ಮಾಡಿ ಮಾರುತ್ತಾರೆ. ರೆಲಿಕ್ ಅಂತಾರೆ ಅದಕ್ಕೆ. ಬೆಲೆಯೂ ಜಾಸ್ತಿ. "ಸುಮ್ನೆ ಬಿಟ್ಟಿದ್ರೆ ಲಾಭ ಇತ್ತು ಭಾವ!" ಅಮ್ಮ ಇದನ್ನು ನಂಬಲಿಲ್ಲ. ನಂಬಿದ ಮೇಲೆ, ನಮ್ಮ ಅಟ್ಟದ ಮೇಲಿರುವ ಟ್ರಂಕಿಗೆ ಅವರು ಎಷ್ಟು ಕೊಡುತ್ತಾರೆ ಅಂತ ಕೇಳು ಅಂದರು.

ನನಗೇನೋ ಇದು ಒಪ್ಪಿಗೆಯಾಗಲಿಲ್ಲ. ವರ್ಷಾನುಗಟ್ಟಲೆ ತೋಳು ತಾಗಿ ಸವೆದ ಬಣ್ಣಕ್ಕೆ ಒಂದು ಮರ್ಯಾದೆ ಇದೆ. ಮೈಕ್ ಸ್ಟ್ಯಾಂಡು ಬಡಿದದ್ದಕ್ಕೆ ಎಂಥ ಮರ್ಯಾದೆ? ಹೆರೆದೆ, ತಿಕ್ಕಿದೆ, ಮತ್ತೆ ತಿಕ್ಕಿದೆ. ಹಗಲಿನಲ್ಲಿ ಓರೆಯಾಗಿ ಹಿಡಿದು ನೋಡಿದರೆ ಒಂದು ತೆಳು ಗೆರೆ ಕಾಣುತ್ತದೆ. ರಾತ್ರಿ ಸ್ಟೇಜಿನ ದೀಪದಲ್ಲಿ ಏನೂ ಇಲ್ಲ.

ಮುಂದಿನ ಕಾರ್ಯಕ್ರಮ ತುಮಕೂರಿನ ಕಡೆ ಒಂದು ಊರಲ್ಲಿ. ಮುಗಿದ ಮೇಲೆ ಗಣೇಶ ಸಮಿತಿಯ ಯಜಮಾನರು ನನ್ನ ಹತ್ತಿರವೇ ಬಂದರು. ಗಿಟಾರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಪೇಂಟಿಂಗ್ ಭಾಳ ಚೆನ್ನಾಗಿ ಇಟ್ಕೊಂಡಿದೀರ ಸ್ವಾಮಿ" ಅಂದರು. ನನ್ನ ಎದೆ ಉಬ್ಬಿತು. ಅವರು ಹತ್ತಿರ ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು:

"ಬಾಕಿ ಗಿಟಾರಿಗೆ ಆರಿರುತ್ತೆ. ನಿಮ್ದರಲ್ಲಿ ಎರಡು ತಂತಿ ಕಿತ್ತೋಗಿದೆ ನೋಡಿ. ಪೇಮೆಂಟ್ ಈಗ್ಲೇ ಕೊಡಿಸ್ತೀನಿ, ಮೊದ್ಲು ಅದನ್ನ ಹಾಕಿಸ್ಬಿಡಿ."