ಒಂದೇ ಬೈಕಿನ ಎದುರಾಳಿಗಳು

ಅಡಿಕೆ ಕೊಯ್ಲಿನ ಹೊತ್ತಿಗೆ ಸರಿಯಾಗಿ ಚುನಾವಣೆ ಇಡುವವರು ಶಿರಸಿ ಕಡೆಯವರಂತೂ ಅಲ್ಲ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂದಾಗ ನಮ್ಮೂರಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಹಗಲಿಡೀ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ರಾತ್ರಿ ಹಸಿ ಅಡಿಕೆ ಸುಲಿಯುವುದು. ಆದರೂ ಇದ್ದ ಒಂದು ಸೀಟಿಗೆ ಇಬ್ಬರು ನಿಂತರು. ಮೇಲಿನಮನೆ ಭಾವ, ಕೆಳಗಿನಮನೆ ಭಾವ. ನನಗೆ ಇಬ್ಬರೂ ಭಾವಂದಿರೇ. ಸಂಬಂಧ ಸರಿಯಾಗಿ ನೆನಪಾಗದಿದ್ದರೆ ನಮ್ಮಲ್ಲಿ ಎಲ್ಲರೂ ಭಾವಂದಿರು.

ಇಬ್ಬರೂ ಚಡ್ಡಿ ದೋಸ್ತರು. ನಾಮಪತ್ರ ಹಾಕಲು ಹೋದದ್ದೂ ಒಂದೇ ಬೈಕಿನಲ್ಲಿ. ಠೇವಣಿ 200 ರೂಪಾಯಿ. ಕೆಳಗಿನಮನೆ ಭಾವನ ಹತ್ತಿರ ಇದ್ದದ್ದು ಐನೂರರ ನೋಟು. ಚಿಲ್ಲರೆ ಕೊಟ್ಟವನು ಎದುರಾಳಿ. ಪಂಚಾಯ್ತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲವಲ್ಲ (ಪಕ್ಷವೇ ಇರುವುದಿಲ್ಲ ಅಂತ ನಾನು ಹೇಳಲಿಲ್ಲ), ಒಬ್ಬನಿಗೆ ಆಟೋ ಸಿಕ್ಕಿತು, ಇನ್ನೊಬ್ಬನಿಗೆ ಹೊಲಿಗೆ ಯಂತ್ರ.

ಅಸಲಿಗೆ ಜಗಳ ಮಾಡಿಕೊಂಡು ಬದುಕುವಷ್ಟು ಅನುಕೂಲ ಅವರಿಗಿರಲಿಲ್ಲ. ಮಳೆಗಾಲದಲ್ಲಿ ಇಬ್ಬರೂ ದಾಟುವುದು ಒಂದೇ ಕಾಲುಸಂಕ. ಇಬ್ಬರ ತೋಟಕ್ಕೂ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಒಬ್ಬನೇ. ಮಾತು ಬಿಟ್ಟರೆ ಅವನು ಯಾವತ್ತು ಯಾರ ಮರ ಹತ್ತಬೇಕು ಅಂತ ಹೇಳುವವರು ಯಾರು?

ಕಷ್ಟಕ್ಕೆ ಬಿದ್ದವರು ನಾವು, ಓಟು ಹಾಕುವವರು. ಒಂದು ರಾತ್ರಿ ಮೇಲಿನಮನೆ ಭಾವ ಬಂದು ಅಡಿಕೆ ರಾಶಿಯ ಪಕ್ಕ ಕೂತ. "ನಿಂಗೇ ಹಾಕ್ತಿ ಭಾವ" ಎಂದೆ. ಮರುದಿನ ಕೆಳಗಿನಮನೆ ಭಾವ ಬಂದ. ಅವನಿಗೂ ಅದೇ ಮಾತು, ಅದೇ ನಗು. ಹೊರಟವರನ್ನು ಬರಿಗೈಲಿ ಕಳಿಸಬಾರದು ಅನ್ನುವುದು ಸುಮ್ನೆ ಕವಳಕ್ಕೆ, ಎಲೆ-ಅಡಿಕೆಗೆ ಮಾತ್ರವಾ?

ಮೂರನೇ ದಿನ ಒಬ್ಬನ ಬೈಕು ಕೆಟ್ಟಿತು. ಇಬ್ಬರೂ ಒಟ್ಟಿಗೆ ಬಂದರು, ಮಾಸ್ಕ್ ಹಾಕಿಕೊಂಡು. ಮಾಸ್ಕ್ ಇಳಿದದ್ದು ಕವಳದ ತಟ್ಟೆ ಬಂದಮೇಲೆಯೇ. ಸುಣ್ಣ ಹಚ್ಚುತ್ತಾ ಮೇಲಿನಮನೆ ಭಾವ ಜೇಬಿನಿಂದ ಪಟ್ಟಿ ತೆಗೆದ. ಇನ್ನೊಬ್ಬನೂ ತೆಗೆದ. ಖಾತ್ರಿ ಓಟುಗಳಿಗೆ ಇಬ್ಬರೂ ಗೆರೆ ಎಳೆದಿದ್ದರು.

"ಇವ ನಿಂಗೂ ಹೇಳಿದ್ನನಾ?"

"ಹೇಳಿದ್ದ. ಮಜ್ಜಿಗೆ ಕೊಟ್ಟು ಹೇಳಿದ್ದ."

"ನಂಗೆ ಬರೇ ನೀರು ಕೊಟ್ಟಿದ್ದ!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಾನು ತಲೆ ತಗ್ಗಿಸಿ ಅಡಿಕೆ ಸುಲಿಯಲು ಹೋಗಿ ಮೆಟ್ಟುಗತ್ತಿಗೆ ಬೆರಳು ಕೊಟ್ಟೆ. ಎಡಗೈ ತೋರುಬೆರಳು.

ಓಟಿನ ದಿನ ಬೂತಿನಲ್ಲಿ ಕೂತವರು ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಒಂದು ಬೆರಳಿಗೆ ಬಟ್ಟೆ ಸುತ್ತಿತ್ತು, ಉಳಿದವು ಅಡಿಕೆ ಚೊಗರಿಗೆ ಮೊದಲೇ ಕಪ್ಪಾಗಿದ್ದವು. ಕೊನೆಗೆ ನಡುಬೆರಳಿಗೆ ಮೈಸೂರಿನ ಶಾಯಿ ಹಚ್ಚಿದರು. ಯಾವುದು ಶಾಯಿ, ಯಾವುದು ಚೊಗರು ಅಂತ ನನಗೂ ಗೊತ್ತಾಗಲಿಲ್ಲ.

30ನೇ ತಾರೀಕು ಎಣಿಕೆ. ಬೆಳಿಗ್ಗೆ ಒಂದೇ ಬೈಕಿನಲ್ಲಿ ಶಿರಸಿಗೆ ಹೋದವರು ಕತ್ತಲಾಗುವ ಹೊತ್ತಿಗೆ ಹಾಗೇ ವಾಪಸ್ಸು ಬಂದರು. ಕೆಳಗಿನಮನೆ ಭಾವ 11 ಓಟಿನಿಂದ ಗೆದ್ದಿದ್ದ. ಹಾರವನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿದ್ದರು.

"ಆ ಹನ್ನೊಂದರಲ್ಲಿ ನಿಂದೂ ಇದ್ದನಾ?" ಸೋತವನು ಕೇಳಿದ. ಗೆದ್ದವನೂ ನನ್ನನ್ನೇ ನೋಡುತ್ತಿದ್ದ.

ನಾನು ಮೆಟ್ಟುಗತ್ತಿಯಿಂದ ಕಣ್ಣು ತೆಗೆಯಲಿಲ್ಲ. "ನಿಂಗೇ ಹಾಕಿದ್ದಿ ಭಾವ" ಎಂದೆ.

ಯಾವ ಭಾವನಿಗೆ ಅಂತ ಇಬ್ಬರೂ ಕೇಳಲಿಲ್ಲ. ಕವಳದ ತಟ್ಟೆ ಹತ್ತಿರ ಎಳೆದುಕೊಂಡರು. ಈ ಸಲ ಇಬ್ಬರಿಗೂ ಮಜ್ಜಿಗೆ ಕೊಟ್ಟೆ.