ನಂಬರ್ ಒನ್ ಊರಿನಲ್ಲಿ ಮನೆ ಖಾಲಿ ಇದೆ

ಬದುಕಲು ಯಾವ ಊರು ಎಷ್ಟು ಸುಲಭ ಅಂತ ಕೇಂದ್ರ ಸರ್ಕಾರ 2018ರಲ್ಲಿ 111 ಊರುಗಳ ಪಟ್ಟಿ ಬಿಡುಗಡೆ ಮಾಡಿತು. ಪುಣೆ ಮೊದಲು. ಬೆಂಗಳೂರು 58. ಯಾರಿಗೂ ಬೇಜಾರಾಗಲಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತಿದ್ದವರಿಗೆ ಆ ಸುದ್ದಿಯನ್ನು ಪೂರ್ತಿ ಓದುವಷ್ಟು ಟೈಮ್ ಇತ್ತು. ಓದಿ, ಸರಿಯಾಗೇ ಇದೆ ಅಂದುಕೊಂಡು ಕ್ಲಚ್ ಬಿಟ್ಟರು.

2021ರ ಮಾರ್ಚ್‌ನಲ್ಲಿ ಮುಂದಿನ ಪಟ್ಟಿ ಬಂತು. ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ಈ ಸಲ ಬೆಂಗಳೂರೇ ನಂಬರ್ ಒನ್. 66.70 ಅಂಕ. ಪುಣೆಗೆ 66.27. ಮೂರು ವರ್ಷದಲ್ಲಿ ನಮಗೆ ಅಷ್ಟೊಂದು ಸುಖ ಯಾವಾಗ ಬಂತು, ಯಾರ ಮನೆಗೆ ಬಂತು ಅಂತ ಅಕ್ಕಪಕ್ಕ ವಿಚಾರಿಸಿದೆವು. ಎಲ್ಲರೂ ಎದುರು ಮನೆ ತೋರಿಸಿದರು. ಅದೇ ದಿನ ನಗರಪಾಲಿಕೆಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವ ಇನ್ನೊಂದು ಪಟ್ಟಿಯೂ ಹೊರಬಿತ್ತು. ಅದರಲ್ಲಿ ಬೆಂಗಳೂರು 31. ಊರು ನಡೆಸುವವರು 31ನೇ ಸ್ಥಾನದಲ್ಲಿದ್ದರೂ ಊರಲ್ಲಿ ಬದುಕುವವರು ಒಂದನೇ ಸ್ಥಾನದಲ್ಲಿದ್ದಾರೆ ಅಂದರೆ, ಹಾರ ಹಾಕಬೇಕಾದ್ದು ಯಾರಿಗೆ ಅಂತ ನೀವೇ ಹೇಳಿ.

ಹಾರ ಬಾಡುವ ಮೊದಲೇ, 2022ರಲ್ಲಿ, ಲಂಡನ್ನಿನ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್‌ನವರು ತಮ್ಮ ಪಟ್ಟಿ ತಂದರು. ಅದರಲ್ಲಿದ್ದ ಭಾರತದ ಊರುಗಳ ಪೈಕಿ ಬೆಂಗಳೂರೇ ಕೊನೆ. ಜಗತ್ತಿನಲ್ಲಿ 146. ದೆಹಲಿಯಿಂದ ನೋಡಿದರೆ ಮೊದಲನೆಯದು, ಲಂಡನ್ನಿನಿಂದ ನೋಡಿದರೆ ಕೊನೆಯದು. ಲಂಡನ್ನಿನವರಿಗೆ ಹೊಟ್ಟೆಕಿಚ್ಚು ಅನ್ನೋಣ ಅಂದರೆ ಅದಕ್ಕೂ ದಾರಿ ಇಲ್ಲ. ಊರಿನ ನಡುವೆ ಗಾಡಿ ಅತಿ ನಿಧಾನ ಓಡುವ ನಗರಗಳ ಬಗ್ಗೆ ದಾರಿ ತೋರಿಸುವ ಕಂಪನಿ ಟಾಮ್‌ಟಾಮ್ ಹಾಕಿದ ಲೆಕ್ಕದಲ್ಲಿ ಆ ವರ್ಷ ಲಂಡನ್ನೇ ಮೊದಲು, ನಾವು ಎರಡನೆಯವರು.

ಇಷ್ಟೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ಚೆನ್ನೈನಲ್ಲಿರುವ ನಮ್ಮ ಅಕ್ಕನ ಮಗನಿಗೆ ಬೆಂಗಳೂರಿನಿಂದ ಆಫರ್ ಬಂದಿದೆ. ಹುಡುಗ ಲೆಕ್ಕದಲ್ಲಿ ಗಟ್ಟಿಗ. “ಮಾಮ, ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿದೆ. ಖರ್ಚು ಹೆಚ್ಚುಕಮ್ಮಿ ಒಂದೇ. ಸಂಬಳ ಜಾಸ್ತಿ. ಬಂದುಬಿಡ್ತೀನಿ” ಅಂದ.

ಆ ಕ್ಯಾಲ್ಕುಲೇಟರ್ ಏನೇನು ಎಣಿಸುತ್ತದೆ ಅಂತ ನಾನೂ ಇಣುಕಿದೆ. ಕ್ಯಾಪುಚಿನೊ ಒಂದು ಕಪ್. ಬ್ರಾಂಡೆಡ್ ಜೀನ್ಸ್ ಒಂದು ಜೊತೆ. ಸುಮಾರಾದ ವೈನ್ ಒಂದು ಬಾಟಲಿ. ಲೋಕಲ್ ಚೀಸ್ ಒಂದು ಕೆಜಿ. ನಮ್ಮಕ್ಕ ಇಷ್ಟು ವರ್ಷದ ಸಂಸಾರದಲ್ಲಿ ಲೋಕಲ್ ಚೀಸ್ ಕೆಜಿಗಟ್ಟಲೆ ತೂಗಿಸಿಕೊಂಡು ಬಂದಿದ್ದನ್ನು ನಾನಂತೂ ಕಂಡಿಲ್ಲ. ಅದರ ಕೆಳಗೆ ಟೊಯೊಟಾ ಕೊರೊಲಾ, ‘ಅಥವಾ ಅಂಥದ್ದೇ ಕಾರು’. ಕೊರೊಲಾವನ್ನು ಕಂಪನಿ 2020ರಲ್ಲೇ ಇಲ್ಲಿ ಮಾರುವುದು ನಿಲ್ಲಿಸಿದೆ. ಚೆನ್ನೈನಲ್ಲೂ ಸಿಗಲ್ಲ, ಬೆಂಗಳೂರಲ್ಲೂ ಸಿಗಲ್ಲ. ಆ ಮಟ್ಟಿಗೆ ಎರಡೂ ಊರು ಒಂದೇ ಅನ್ನುವ ಲೆಕ್ಕ ತಪ್ಪೇನಲ್ಲ. ಹಬ್ಬದ ಹಿಂದಿನ ದಿನದ ಮಲ್ಲಿಗೆ ಮೊಳಕ್ಕೆ ಎಷ್ಟು, ಬ್ರೋಕರ್‌ಗೆ ಎಷ್ಟು, ಗಣೇಶನ ಚಂದಾಕ್ಕೆ ಬರುವ ಹುಡುಗರ ಎಷ್ಟು ಗುಂಪಿಗೆ ಕೊಡಬೇಕು, ಇವುಗಳಿಗೆ ಅಲ್ಲಿ ಕಾಲಂ ಇಲ್ಲ.

ಹಾಗಾಗಿ ಕಾಲಂ ಇಲ್ಲದ್ದನ್ನು ನಾನೇ ಹೇಳಲು ಕೂತೆ.

ಮೊದಲು ಮನೆ ಬಾಡಿಗೆ ಭತ್ಯೆ. ದಶಕಗಳ ಕಾಲ ಆದಾಯ ತೆರಿಗೆಯವರ ಲೆಕ್ಕದಲ್ಲಿ ದೊಡ್ಡ ಊರು ಅಂದರೆ ನಾಲ್ಕೇ: ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ. ಅಲ್ಲಿದ್ದವರಿಗೆ ಮೂಲ ವೇತನದ ಶೇ 50ರವರೆಗೆ ವಿನಾಯಿತಿಯ ಮಿತಿ, ಬೆಂಗಳೂರು ಸೇರಿ ಉಳಿದವರಿಗೆಲ್ಲ ಶೇ 40. ಒಂದು ಇಲಾಖೆ ದೇಶಕ್ಕೇ ನಂಬರ್ ಒನ್ ಅಂತ ಬೆನ್ನು ತಟ್ಟಿದ ಊರಿನಲ್ಲಿ ಮನೆ ಬಾಡಿಗೆ ಅಗ್ಗ ಅಂತ ಇನ್ನೊಂದು ಇಲಾಖೆ ನಂಬಿಕೊಂಡಿತ್ತು. ಪಾಪ, ಅವರು ವೈಟ್‌ಫೀಲ್ಡ್‌ನಲ್ಲಿ ಮನೆ ಹುಡುಕಿರಲಿಕ್ಕಿಲ್ಲ.

ಆಮೇಲೆ ವೃತ್ತಿ ತೆರಿಗೆ. ಇದು ನನಗೆ ಬಹಳ ಇಷ್ಟವಾದ ತೆರಿಗೆ. ರಾಜ್ಯಗಳು ಇದನ್ನು ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ಕೀಳುವ ಹಾಗಿಲ್ಲ ಅಂತ ಸಂವಿಧಾನದ 276ನೇ ವಿಧಿ ಹೇಳುತ್ತದೆ. ಕರ್ನಾಟಕ ತಿಂಗಳಿಗೆ 200 ತೆಗೆದುಕೊಳ್ಳುತ್ತಿತ್ತು. ಹನ್ನೆರಡು ತಿಂಗಳಿಗೆ 2,400. ಉಳಿದ ನೂರು ರೂಪಾಯಿ ಸುಮ್ನೆ ಜನರ ಜೇಬಿನಲ್ಲೇ ಇತ್ತು. ಅದು ಯಾರದೋ ಕಣ್ಣಿಗೆ ಬಿತ್ತು. 2025ರಲ್ಲಿ ಕಾನೂನು ತಿದ್ದಿ, ಫೆಬ್ರವರಿ ತಿಂಗಳಿಗೆ ಮಾತ್ರ 300 ಮಾಡಿದರು. ವರ್ಷದಲ್ಲೇ ಅತಿ ಕಡಿಮೆ ದಿನ ಇರುವ ತಿಂಗಳಿಗೆ ಅತಿ ಜಾಸ್ತಿ ತೆರಿಗೆ! ನೂರು ರೂಪಾಯಿಯನ್ನು ಇಷ್ಟು ನಿಖರವಾಗಿ ಹುಡುಕಿ ತೆಗೆದ ಅಧಿಕಾರಿಯನ್ನು ದಯವಿಟ್ಟು ರಸ್ತೆ ಗುಂಡಿ ಹುಡುಕುವ ವಿಭಾಗಕ್ಕೆ ಹಾಕಬೇಕು.

“ಕಾರು?” ಅಂದ ಹುಡುಗ.

ಕಾರಿಗೆ ತಮಿಳುನಾಡಿನಲ್ಲಿ ಜೀವಾವಧಿ ತೆರಿಗೆ ಕಟ್ಟಿ ಆಗಿದೆ. ಆದರೆ ಅದು ತಮಿಳುನಾಡಿನ ಜೀವಾವಧಿ. ಹೊಸೂರು ದಾಟಿ ಅತ್ತಿಬೆಲೆಗೆ ಬಂದು ವರ್ಷ ತುಂಬಿತೋ, ಕಾರು ಮತ್ತೆ ಹುಟ್ಟಬೇಕು. ಹಳೇ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಇಲ್ಲಿ ಕಾರಿನ ವಯಸ್ಸು ನೋಡಿ ಹೊಸದಾಗಿ ತೆರಿಗೆ ಕಟ್ಟಬೇಕು. ನಮ್ಮ ದರವೇನು ಸಾಮಾನ್ಯವಲ್ಲ. 10 ಲಕ್ಷದಿಂದ 20 ಲಕ್ಷದ ಒಳಗಿನ ಹೊಸ ಕಾರಿಗೆ ಶೇ 17, ಮೇಲೆ ಸೆಸ್. ಇಲ್ಲಿ ಕಟ್ಟಿದ ರಸೀದಿ ಹಿಡಿದು ಅಲ್ಲಿ ಹೋಗಿ, ಉಳಿದ ಆಯಸ್ಸಿನ ದುಡ್ಡು ವಾಪಸ್ ಕೊಡಿ ಸ್ವಾಮಿ ಅಂತ ಅರ್ಜಿ ಹಾಕಬೇಕು. ಆ ರೀಫಂಡ್ ನೋಡಿದವರು ಯಾರಾದರೂ ಇದ್ದರೆ ಮುಂದೆ ಬನ್ನಿ, ಪಾದ ಮುಟ್ಟಿ ನಮಸ್ಕಾರ ಮಾಡುತ್ತೇನೆ.

ಇದೇ ತಲೆನೋವು ತಪ್ಪಿಸಲೆಂದು 2021ರಲ್ಲಿ ಬಿಎಚ್ ನಂಬರ್ ಪ್ಲೇಟ್ ಬಂತು. ಸರ್ಕಾರಿ ನೌಕರರಿಗೆ ಸಿಗುತ್ತದೆ. ಖಾಸಗಿಯವರಾದರೆ ಕಂಪನಿಗೆ ಕನಿಷ್ಠ ನಾಲ್ಕು ರಾಜ್ಯದಲ್ಲಿ ಆಫೀಸ್ ಇರಬೇಕು. ನಮ್ಮ ಹುಡುಗನ ಕಂಪನಿಗೆ ಇರುವುದು ಮೂರು. ಮೂರು ರಾಜ್ಯ ಸುತ್ತುವವನು ಸುತ್ತುವವನಲ್ಲ.

ಸ್ಕೂಲ್ ಡೊನೇಷನ್ ವಿಷಯ ಬೇಡ. ಅವನಿಗಿನ್ನೂ ಮದುವೆ ಆಗಿಲ್ಲ, ಆಗುವ ಮನಸ್ಸನ್ನೂ ಕೆಡಿಸಬಾರದು.

ದೊಡ್ಡದು ಇರುವುದು ಅಡ್ವಾನ್ಸ್‌ನಲ್ಲಿ. ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ 2021ರಿಂದ ಇದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಬೇಡ ಅನ್ನುತ್ತದೆ. ಮಾದರಿ ಅಂದಮೇಲೆ ನೋಡಿ ಸಂತೋಷಪಡಬೇಕು, ಅಷ್ಟೇ. ಬೆಂಗಳೂರಿನ ಓನರ್‌ಗಳು ಹತ್ತು ತಿಂಗಳಿನಿಂದ ಮಾತು ಶುರು ಮಾಡುತ್ತಾರೆ. ಚೌಕಾಸಿ ಮಾಡಿದರೆ ಆರಕ್ಕೆ ಇಳಿಯಬಹುದು. ಇಳಿದ ದಿನವೇ ಬಾಡಿಗೆ ಎರಡು ಸಾವಿರ ಏರಿರುತ್ತದೆ.

ಕೊಡುವಾಗ ಕಷ್ಟ ಅನಿಸಿದರೆ, ವಾಪಸ್ ತೆಗೆದುಕೊಳ್ಳುವ ದಿನ ನೋಡಬೇಕು. ಓನರ್ ಅಂಕಲ್ ಮೊಬೈಲ್ ಟಾರ್ಚ್ ಹಾಕಿಕೊಂಡು ಗೋಡೆಗೆ ಮುಖ ತಾಗಿಸಿ ನಡೆಯುತ್ತಾರೆ. ಕ್ಯಾಲೆಂಡರ್‌ಗೆ ಹೊಡೆದ ಮೊಳೆಯ ತೂತು ಸಿಕ್ಕಾಗ “ಆಹಾ” ಅನ್ನುತ್ತಾರೆ. ಆ ಮೊಳೆ ನಮಗಿಂತ ಹಿಂದೆ ಇದ್ದವರದು ಅಂದರೆ, ಅವರ ಹತ್ತಿರವೂ ಹಿಡಿದುಕೊಂಡೆ ಅನ್ನುತ್ತಾರೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಟ್. ಪೇಂಟರ್ ಬರುತ್ತಾನೋ ಇಲ್ಲವೋ, ಪೇಂಟಿಂಗ್ ದುಡ್ಡು ಮಾತ್ರ ತಪ್ಪದೆ ಹೋಗುತ್ತದೆ.

ಇಷ್ಟು ಹೇಳಿದರೂ ಹುಡುಗ ಜಗ್ಗಲಿಲ್ಲ. “ಆದ್ರೂ ಮಾಮ, ಚೆನ್ನೈ ಬೆವರಿಗಿಂತ ಇಲ್ಲಿ ಹವಾ ಚೆನ್ನಾಗಿದೆ ಅಲ್ವಾ?” ಅಂದ. ಅದಕ್ಕೆ ಉತ್ತರ ಇಲ್ಲ. ನಮ್ಮ ಊರಿನ ಎಲ್ಲ ತಪ್ಪುಗಳನ್ನೂ ಆ ಹವಾ ಒಂದೇ ಮುಚ್ಚಿಕೊಂಡು ಬಂದಿದೆ. ಸರಿ, ಭಾನುವಾರ ಮನೆ ನೋಡಲು ಹೊರಟೆವು.

ಮೂರನೇ ಮಹಡಿ. ಓನರ್ ಬೀಗ ತೆಗೆಯುವ ಮೊದಲೇ ಕೇಳಿದರು, “ವೆಜ್ ತಾನೆ?” ಆಮೇಲೆ ನೀರಿನ ಮಾತು ಬಂತು.

“ಇಪ್ಪತ್ನಾಲ್ಕು ಗಂಟೆ ನೀರು ಸಾರ್.”

“ಕಾವೇರಿನಾ?”

“ಕನೆಕ್ಷನ್ ಇದೆ. ನೀರು ವಾರಕ್ಕೆರಡು ಸಲ ಬಿಡ್ತಾರೆ, ಬಿಟ್ರೆ.”

“ಬೋರು?”

“ಅದು 2024ರಲ್ಲೇ ನಿಂತೋಯ್ತು.”

“ಮತ್ತೆ ಇಪ್ಪತ್ನಾಲ್ಕು ಗಂಟೆ ಹೇಗೆ?”

“ಟ್ಯಾಂಕರ್ ಸಾರ್.”

ನನಗೆ ನೆನಪಿತ್ತು. ಆ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ರೇಟ್ ಕಟ್ಟಿತ್ತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರ್‌ಗೆ 1,000 ರೂಪಾಯಿ. ಅದನ್ನೇ ಹೇಳಿದೆ.

ಓನರ್ ನನ್ನನ್ನು ಪ್ರೀತಿಯಿಂದ ನೋಡಿದರು. “ಅದು ಪೇಪರ್‌ನಲ್ಲಿ ಸಾರ್.”

“ಹಾಗಾದರೆ ಟ್ಯಾಂಕರ್ ದುಡ್ಡು?”

“ಮೇಂಟೆನೆನ್ಸ್‌ನಲ್ಲಿ ಬರುತ್ತೆ.”

“ಮೇಂಟೆನೆನ್ಸ್ ಬಾಡಿಗೆಯಲ್ಲೇ ಸೇರಿದೆಯಾ?”

“ಇಲ್ಲ ಸಾರ್. ಆದ್ರೆ ಅಡ್ವಾನ್ಸ್ ಲೆಕ್ಕ ಹಾಕುವಾಗ ಸೇರಿಸ್ತೀವಿ.”